ಮೊಟ್ಟೆ ಎಲ್ಲಿಗೆ ತೇಲುತ್ತದೆ ಅನ್ನೋದೂ ಮುಖ್ಯ

ಮಳೆಗಾಲದಲ್ಲಿ ದೋಣಿ ನಿಲ್ಲಿಸಿದರೆ ಮೀನು ತಾನಾಗಿ ಹೆಚ್ಚುತ್ತದೆ ಎಂದು ಬರೆದಿದ್ದೀರಿ, ಅಷ್ಟೇ ಸಾಲದು ಸಾರ್. ಜೂನ್ 1ರಿಂದ ಜುಲೈ 31ರ ತನಕದ ಮೀನುಗಾರಿಕೆ ನಿಷೇಧ ಬೇಕೇ ಬೇಕು, ನಿಜ. ಆದರೆ ಒಮ್ಮೆ ಮೂಡಿಗೆರೆ ಸಂತೆಯಿಂದ ತಂದ ಬೂತಾಯಿ ಮೀನು ಸೀಳಿದಾಗ ಹೊಟ್ಟೆ ತುಂಬಾ ರವೆಯಂಥ ಮೊಟ್ಟೆ ಇತ್ತು. ಅದನ್ನು ಮೀನು ಎಲ್ಲೂ ಬಚ್ಚಿಡುವುದಿಲ್ಲ, ಸುಮ್ನೆ ನೀರಿಗೆ ಬಿಡುತ್ತದೆ. ಹೆಚ್ಚುಕಡಿಮೆ ಒಂದೇ ದಿನದಲ್ಲಿ ಒಡೆದು ಮರಿಯಾಗುತ್ತದೆ, ಆದರೆ ಆ ಮರಿಗೆ ಈಜುವ ಬಲ ಬರುವ ತನಕ ನೀರು ಎಳೆದ ಕಡೆಗೇ ಹೋಗಬೇಕು ಅಲ್ವಾ? ನಮ್ಮ ಕರಾವಳಿಯ ಹರಿವು ಮಳೆಗಾಲದಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ಮಳೆಗಾಲದಲ್ಲೇ ಆಳದ ತಣ್ಣನೆ ನೀರು ಮೇಲೆದ್ದು ದಡದ ಹತ್ತಿರ ಮರಿಗಳ ಆಹಾರ ಜಾಸ್ತಿಯಾಗುತ್ತದೆ. ಅಲ್ಲೇ ಉಳಿದ ಮರಿಗೆ ಹೊಟ್ಟೆ ತುಂಬುತ್ತದೆ, ದೂರದ ಕಡಲಿಗೆ ಕೊಚ್ಚಿಹೋದದ್ದಕ್ಕೆ ಉಪವಾಸ.