ಆ ಕಿಟಕಿ ಸ್ವಲ್ಪ ತೆಗೆದಿಡಿ ಮಾರಾಯ್ರೆ

ನಿನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಗೆಳೆಯರೆಲ್ಲ ಅವರವರ ಊರಿನ ಬಗ್ಗೆ ಮಾತಾಡುತ್ತಾ ಇದ್ದೆವು. ಗದಗದವನು ಕಪ್ಪತಗುಡ್ಡದ ಫೋಟೋ ಹಾಕಿದ. ಮೈಸೂರಿನವಳು ಚಾಮುಂಡಿ ಬೆಟ್ಟದ ಮಂಜು. ನಿಮ್ಮ ಮಂಗಳೂರು ರೈಲಿನ ಘಾಟಿ ಎಲ್ಲಿ ಅಂತ ಕೇಳಿದರು. ನನ್ನ ಹತ್ತಿರ ಒಂದೂ ಇಲ್ಲ! ಹೊಟ್ಟೆ ಉರಿಯಿತು.

ರಾತ್ರಿ ರೈಲಿನಲ್ಲಿ ಹೋದರೆ ಘಾಟಿಯೆಲ್ಲ ಕತ್ತಲು, ಅದು ಬಿಡಿ. ಅದಕ್ಕೇ ಕಳೆದ ಮಳೆಗಾಲದಲ್ಲಿ ಬೇಕಂತಲೇ ಹಗಲು ರೈಲು ಹಿಡಿದೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗೆ ಸುಮಾರು 55 ಕಿ.ಮೀ., 57 ಸುರಂಗ, ನಡುನಡುವೆ ಎತ್ತರದ ಸೇತುವೆಗಳು, ಬಂಡೆ ಮೇಲಿಂದ ನೀರು ಇಳಿಯುತ್ತಾ ಇರುತ್ತದೆ, ಒಂದು ಸುರಂಗ ಮುಗಿದ ಕೂಡಲೇ ಕಣ್ಣ ತುಂಬ ಹಸಿರು. ಘಾಟಿ ನಡುವಿನ ಎಡಕುಮೇರಿ ಸ್ಟೇಷನ್ ಹತ್ತಿರ ಬರುವಾಗ ಕಿಟಕಿ ಪಕ್ಕ ಕೂತವರು ಶಟರ್ ಎಳೆದುಬಿಟ್ಟರು. ಯಾಕೆ? ಬೆಳಕಿಗೆ ಮೊಬೈಲ್‌ನಲ್ಲಿ ಸಿನಿಮಾ ಸರಿ ಕಾಣುವುದಿಲ್ಲವಂತೆ! "ಸ್ವಲ್ಪ ತೆಗೀರಿ" ಅಂದರೆ "ಮಳೆ ಬರ್ತದೆ" ಅಂದರು. ಮಳೆ ನಿಂತು ಅರ್ಧ ಗಂಟೆ ಆಗಿತ್ತು. ಬಾಗಿಲ ಹತ್ತಿರ ಹೋದರೆ ಅಲ್ಲಿ ರೀಲ್ಸ್ ಮಾಡುವವರು ಮೆಟ್ಟಿಲಲ್ಲಿ ನೇತಾಡುತ್ತಾ ಇದ್ದರು, ನೋಡಿಯೇ ಹೆದರಿಕೆಯಾಗಿ ವಾಪಸ್ ಬಂದು ಕೂತೆ.

ಸಿನಿಮಾ ಮನೆಯಲ್ಲೂ ನೋಡಬಹುದು ಅಲ್ವಾ? ಸಕಲೇಶಪುರ ಬಂದ ಮೇಲೆ ಶಟರ್ ಎತ್ತಿದರು, ಕಾಫಿ ತೆಗೆದುಕೊಳ್ಳಲು.