ಹತ್ತು ದಿನಕ್ಕೆ ಏಳು ಊರು, ಅದೂ ಮಕ್ಕಳ ಜೊತೆ?

ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಸೇರಿ ಹತ್ತು ದಿನಕ್ಕೆ ಏಳು ಊರು ಸುತ್ತಿಸುವ, ಮಕ್ಕಳ ಜೊತೆಗಿನ ಯುರೋಪ್ ಪ್ರವಾಸಕ್ಕೆಂದು ನೀವು ಬರೆದ ಪ್ಲಾನ್ ಓದಿಯೇ ನನಗೆ ಸುಸ್ತಾಯಿತು. ನಾವು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ, ಮಗಳಿಗೆ ಐದು ವರ್ಷ. ನಮ್ಮ ಲೆಕ್ಕ ಇಷ್ಟೇ: ಒಂದೂರಲ್ಲಿ ಠಿಕಾಣಿ ಹೂಡಿ, ಬೆಳಗ್ಗೆ ಹೋಗಿ ಸಂಜೆ ವಾಪಸ್ ಬನ್ನಿ.

ಪ್ಲಾನ್‌ನಲ್ಲಿ ಇಲ್ಲಿನ ಥೀಮ್ ಪಾರ್ಕ್ ಎಫ್ಟೆಲಿಂಗ್ ಬಿಟ್ಟಿದ್ದೀರಲ್ಲ, ಅದೇ ಬೇಜಾರು. 1952ರಿಂದ ಇರುವ ಪಾರ್ಕು, ನಾಲ್ಕು ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ರೋಲರ್ ಕೋಸ್ಟರ್‌ಗಳಿವೆ, ಇರಲಿ. ನಮ್ಮವಳು ಅರ್ಧ ದಿನ ಕಳೆದದ್ದು ಕಸದ ಡಬ್ಬಿಯ ಮುಂದೆ! ಹೊಲ್ಲೆ ಬೊಲ್ಲೆ ಖೈಸ್ ಅಂತ, ಬಾಯಿ ತೆರೆದುಕೊಂಡು ಕೂತ ಡೊಳ್ಳುಹೊಟ್ಟೆಯ ಗೊಂಬೆ. 'ಪಾಪೀರ್ ಹೀರ್', ಕಾಗದ ಇಲ್ಲಿ ಹಾಕಿ ಅಂತ ಕೂಗುತ್ತಾನೆ. ಬಾಯಿ ಹತ್ತಿರ ಚೂರು ಹಿಡಿದರೆ ಸುರ್ರಂತ ಎಳೆದುಕೊಂಡು ಥ್ಯಾಂಕ್ಸ್ ಹೇಳುತ್ತಾನೆ. ಆಮೇಲೆ ಕಾಗದ ಸಾಲದೆ ನನ್ನ ಪರ್ಸಿನ ಹಳೇ ಬಿಲ್ಲೆಲ್ಲ ಅವನ ಹೊಟ್ಟೆ ಸೇರಿದವು. ಪಾರ್ಕಿಂಗ್ ಚೀಟಿ ಕೂಡ ಹೋಯಿತೆಂದು ಗೊತ್ತಾಗಿದ್ದು ಸಂಜೆ, ಕಾರಿನ ಹತ್ತಿರ.

ಹೇಗ್‌ನ ಮಾಡುರೋಡಾಮ್ ಅನ್ನುವ ಪುಟ್ಟ ಮಾದರಿಗಳ ಪಾರ್ಕು ಕೂಡ ಚಿಕ್ಕವರಿಗೆ ಸರಿ, ಇಡೀ ದೇಶವೇ 1:25 ಅಳತೆಯಲ್ಲಿ. ಎಲ್ಲೇ ಹೋಗಿ, ಮೊಸರನ್ನದ ಡಬ್ಬಿ ಮರೆಯಬೇಡಿ. ರೇನ್‌ಕೋಟೂ ಅಷ್ಟೇ, ಜುಲೈ ಇಲ್ಲಿ ಬೇಸಿಗೆ ಅಂತ ನಂಬಿ ಬಿಟ್ಟುಹೋಗಬೇಡಿ.