ಯಾವ ಓಣಿ?

ಹೋದ ದೀಪಾವಳಿಗೆ ಲಂಡನ್ನಿನಿಂದ ಹುಬ್ಬಳ್ಳಿಗೆ ಬಂದಿದ್ದೆ. ನಸುಕಿನಲ್ಲಿ ಸ್ಟೇಷನ್ನಿಗೆ ಬರುತ್ತೇನೆ ಎಂದಿದ್ದ ಬಾಲ್ಯದ ಗೆಳೆಯ ಬರಲೇ ಇಲ್ಲ. ದಾರಿಯಲ್ಲಿ ಪೊಲೀಸರು ಅವನ ಬೈಕ್ ತಡೆದಿದ್ದರು. ಲೈಸೆನ್ಸ್, ಕಾಗದಪತ್ರ ಎಲ್ಲ ಸರಿ ಇತ್ತು.

"ಯಾವ ಓಣಿಯಂವಾ ನೀ?"

"ಸೆಟ್ಲಮೆಂಟ್ ರೀ, ಸರ್."

ಅಷ್ಟೇ ಸಾಕಾಯಿತು. ಠಾಣೆಯ ಬೆಂಚಿನ ಮೇಲೆ ಹತ್ತು ಗಂಟೆಯವರೆಗೆ ಕೂರಿಸಿದರು. ಯಾಕೆ ಅಂತ ಯಾರೂ ಹೇಳಲಿಲ್ಲ. "ಬಿಡೋ, ನಮಗ ಇದು ರೂಢಿ ಆಗೇತಿ" ಎಂದ. ನನ್ನನ್ನು ಚುಚ್ಚಿದ್ದು ಆ ಮಾತು.

ಲಂಡನ್ನಿನಲ್ಲಿ ಒಂದು ರಾತ್ರಿ ನನ್ನನ್ನೂ ತಡೆದಿದ್ದರು. ಆ ಪೊಲೀಸ್ ನನ್ನ ಚೀಲ ಮುಟ್ಟುವ ಮೊದಲೇ ತನ್ನ ಹೆಸರು, ಠಾಣೆ ಹೇಳಿದ. ಏನು ಹುಡುಕುತ್ತಿದ್ದಾನೆ, ನನ್ನ ಮೇಲೆ ಯಾಕೆ ಅನುಮಾನ ಅಂತಲೂ ಹೇಳಿದ. ದಾಖಲೆಯ ಪ್ರತಿ ಮೂರು ತಿಂಗಳೊಳಗೆ ಕೇಳಿ ಪಡೆಯಬಹುದು ಎಂದ. ಅಲ್ಲಿ ಇದಕ್ಕೊಂದು 1984ರ ಕಾನೂನು ಇದೆ. ಬರೀ ಮೈಬಣ್ಣ ನೋಡಿ ತಡೆಯುವಂತಿಲ್ಲ. ನನ್ನ ಕೈ ನಡುಗುತ್ತಿತ್ತು, ಆದರೂ ಮನೆಗೆ ಹೋಗಿ ನಿದ್ದೆ ಮಾಡಿದೆ.

ನಮ್ಮಲ್ಲಿ ಕಾನೂನಿಗೆ ಬರ ಇಲ್ಲ. ಸಂವಿಧಾನದ 22ನೇ ವಿಧಿ ಇದೆ: ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮನೆಯವರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿದೆ. ವಿಮುಕ್ತ ಬುಡಕಟ್ಟುಗಳ, ಅಂದರೆ ಬ್ರಿಟಿಷರ ಕಾಲದಲ್ಲಿ ಹುಟ್ಟಾ ಕಳ್ಳರೆಂಬ ಹಣೆಪಟ್ಟಿ ಹೊತ್ತಿದ್ದ ಸಮುದಾಯಗಳ ಜನರನ್ನು ಮನಬಂದಂತೆ ಬಂಧಿಸಬಾರದು ಎಂದು ಅದೇ ಕೋರ್ಟ್ 2024ರಲ್ಲಿ ಪೊಲೀಸರಿಗೆ ಸೂಚಿಸಿದೆ. ಆದರೆ ಬಂಧನ ಅಂತ ಬರೆದುಕೊಂಡರೆ ತಾನೆ ಇದೆಲ್ಲ? "ಸುಮ್ನ ಕುಂದ್ರಿಸೇವಿ" ಎಂದರೆ ಹಾಳೆಯೇ ಇಲ್ಲ. ಹಾಳೆ ಇಲ್ಲ ಅಂದರೆ ಆ ಐದು ತಾಸು ನಡೆದೇ ಇಲ್ಲ ಅಲ್ವಾ? ಕೂರಿಸಿದ ಪ್ರತಿಯೊಬ್ಬರಿಗೂ ಹೊತ್ತು, ಕಾರಣ ಬರೆದು ಸಹಿ ಮಾಡಿದ ಒಂದು ಚೀಟಿ ಕೊಡಲಿ. ನಾನು ಕೇಳುವುದು ಇಷ್ಟೇ.

ಲಂಡನ್ ಚೊಕ್ಕ ಅಂತಲ್ಲ. ಅಲ್ಲೂ ಜನಸಂಖ್ಯೆಗೆ ಹೋಲಿಸಿದರೆ ಬಿಳಿಯರಿಗಿಂತ ಕರಿಯರನ್ನು ಜಾಸ್ತಿ ತಡೆಯುತ್ತಾರೆ, ಸರ್ಕಾರದ ಅಂಕಿಅಂಶಗಳೇ ಹಾಗೆ ಹೇಳುತ್ತವೆ. ಇನ್ನೊಂದು ಮಾತನ್ನೂ ಒಪ್ಪಬೇಕು. ಕೆಲವು ಜಾತಿಗಳನ್ನು ಹುಟ್ಟಾ ಕಳ್ಳರು ಎಂದು 1871ರಲ್ಲಿ ಕಾನೂನು ಬರೆದವರು ಬ್ರಿಟಿಷರು. ಹುಬ್ಬಳ್ಳಿಯಲ್ಲಿ ಅಂಥವರನ್ನು ಬೇಲಿಯೊಳಗೆ ಇಟ್ಟವರೂ ಅವರೇ; ಆ ಜಾಗವೇ ಸೆಟ್ಲಮೆಂಟ್. ಆ ಕಾನೂನು 1952ರಲ್ಲಿ ದೇಶದಿಂದಲೇ ಹೋಯಿತು. ಓಣಿಯ ಹೆಸರು ಉಳಿಯಿತು.

ಚೀಟಿಯ ಸಂಗತಿ ಹೇಳಿದಾಗ ಗೆಳೆಯ ಕೇಳಿದ್ದು ಒಂದೇ: "ಅದರಾಗ ಓಣಿ ಹೆಸರು ಬರೀತಾರೇನು?"

"ಲಂಡನ್ನಿನ್ಯಾಗ ಜನಾಂಗ ಯಾವುದು ಅಂತ ಬರೀತಾರ. ಯಾರನ್ನ ಜಾಸ್ತಿ ಹಿಡೀತಾರ ಅಂತ ಲೆಕ್ಕ ಸಿಗಲಿ ಅಂತ."

"ಹಂಗಾದ್ರ ಇಲ್ಲೂ ಬರೀಲಿ" ಎಂದ.